ಮನೆಯ ಚದರ ಅಡಿಗಳ ಲೆಕ್ಕ

ಭಾನುವಾರದ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂದಿದೆಯೆಂದು ಭಾವಿಸೋಣ: “ಎರಡು ಮಲಗುವ ಕೋಣೆಗಳ ಫ್ಲ್ಯಾಟು. 1125 ಚದರ ಅಡಿ. ಚದರ ಅಡಿಗೆ 6000 ರೂಪಾಯಿ.” ಹೈಸ್ಕೂಲಿನ ಹುಡುಗನೊಬ್ಬನು ಇದನ್ನು ಓದಿ, ಗುಣಾಕಾರ ಮಾಡಿ, ಮನೆಯ ಬೆಲೆ 67,50,000 ರೂಪಾಯಿಗಳೆಂದು ತಂದೆಗೆ ಹೇಳುತ್ತಾನೆ. ಗುಣಾಕಾರದಲ್ಲಿ ತಪ್ಪಿಲ್ಲ. ಮರುದಿನ ತಂದೆಯೂ ಮಗನೂ ಟೇಪು ಹಿಡಿದು ಆ ಫ್ಲ್ಯಾಟಿಗೆ ಹೋಗಿ, ಒಂದೊಂದು ಕೋಣೆಯ ಉದ್ದವನ್ನೂ ಅಗಲವನ್ನೂ ಅಳೆದು, ಎಲ್ಲವನ್ನೂ ಕೂಡಿಸುತ್ತಾರೆ. ಮೊತ್ತವು 730 ಚದರ ಅಡಿಗಳಿಗೆ ಬಂದು ನಿಲ್ಲುತ್ತದೆ! ಉಳಿದ 395 ಚದರ ಅಡಿಗಳು ಎಲ್ಲಿ ಹೋದುವು? ಮಾರುವವನು ಸುಳ್ಳು ಹೇಳಿದನೆ? ಅಥವಾ ಅಳೆದವರ ಟೇಪು ಕೆಟ್ಟಿತ್ತೆ?

ಎರಡೂ ಅಲ್ಲದಿರಬಹುದು. 1125 ಎಂಬುದೂ ಒಂದು ಲೆಕ್ಕದಿಂದ ಸರಿ. 730 ಎಂಬುದೂ ಇನ್ನೊಂದು ಲೆಕ್ಕದಿಂದ ಸರಿ. ಆದರೆ ಮನೆಯನ್ನು ಕೊಳ್ಳುವವರು ಬಹುಮಟ್ಟಿಗೆ ಜೀವಮಾನದ ಉಳಿತಾಯವನ್ನೂ, ಅದು ಸಾಲದೆ ಬ್ಯಾಂಕಿನ ಇಪ್ಪತ್ತು ವರ್ಷಗಳ ಸಾಲವನ್ನೂ ಈ ಒಂದು ಅಂಕಿಯ ಮೇಲೆ ಇಡುತ್ತಾರೆ. ಆದುದರಿಂದ ಈ ಅಂಕಿಯು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯುವುದು ಕೇವಲ ಗಣಿತದ ಕುತೂಹಲವಲ್ಲ. ಸಂಸಾರಕ್ಕೆ ಬೇಕಾದ ವಿದ್ಯೆ. ಅದನ್ನು ನಾವು ಇಲ್ಲಿ ಕ್ರಮವಾಗಿ ಪರಿಶೀಲಿಸೋಣ.

ಅಳತೆಯ ಎರಡು ಅಂಗಗಳು

ಯಾವ ಅಳತೆಯಲ್ಲಿಯೂ ಎರಡು ಅಂಗಗಳಿರುತ್ತವೆ. ಮೊದಲನೆಯದು ಮಾನ, ಎಂದರೆ ಅಡಿ, ಮೀಟರು, ಕಿಲೋಗ್ರಾಂ ಮುಂತಾದುವು. ಎರಡನೆಯದು ಎಲ್ಲೆ, ಎಂದರೆ ಎಲ್ಲಿಂದ ಎಲ್ಲಿಯವರೆಗೆ ಅಳೆದೆವು ಎಂಬುದು. ಮಾನವನ್ನು ನಾವು ಸಾಮಾನ್ಯವಾಗಿ ಮರೆಯುವುದಿಲ್ಲ. ಎಲ್ಲೆಯನ್ನು ಹೇಳುವುದನ್ನು ಮಾತ್ರ ಬಹಳ ಸಲ ಮರೆತುಬಿಡುತ್ತೇವೆ.

ಹಲಸಿನ ಹಣ್ಣಿನ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಹತ್ತು ಕಿಲೋಗ್ರಾಂ ತೂಗುವ ಹಣ್ಣನ್ನು ಮನೆಗೆ ತಂದು ಕೊಯ್ದರೆ ಮುಳ್ಳಿನ ಸಿಪ್ಪೆ ಒಂದು ಕಡೆ, ದಿಂಡು ಒಂದು ಕಡೆ, ಬೀಜ ಇನ್ನೊಂದು ಕಡೆ ಬೀಳುತ್ತವೆ. ತಿನ್ನಲು ದೊರೆಯುವ ತೊಳೆಗಳ ತೂಕವು ಹತ್ತಕ್ಕಿಂತ ಬಹಳ ಕಡಿಮೆ. ಮಾರಿದವನು ತೂಕದಲ್ಲಿ ಮೋಸಮಾಡಲಿಲ್ಲ. ಅವನು ತೂಗಿದ್ದು ಹಣ್ಣನ್ನು, ನಾವು ತಿಂದದ್ದು ತೊಳೆಯನ್ನು. ಹಲಸಿನ ವಿಷಯದಲ್ಲಿ ಈ ಭೇದವು ಎಲ್ಲರಿಗೂ ಗೊತ್ತು. ಮನೆಗೂ ಸಿಪ್ಪೆಯುಂಟು, ದಿಂಡುಂಟು, ತೊಳೆಯುಂಟು ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಅಂಕಣದಿಂದ ಚದರಕ್ಕೆ

ಎಲ್ಲೆಗೆ ಬರುವ ಮೊದಲು ಮಾನಗಳನ್ನು ಒಮ್ಮೆ ನೋಡಿಬಿಡೋಣ. ನಮ್ಮ ಹಿರಿಯರು ಮನೆಯನ್ನು ಅಂಕಣಗಳಲ್ಲಿ ಎಣಿಸುತ್ತಿದ್ದರು. ಕಂಬಗಳ ಅಥವಾ ತೊಲೆಗಳ ನಡುವಣ ಒಂದು ಅವಕಾಶವೇ ಅಂಕಣ. “ಐದಂಕಣದ ಮನೆ” ಎಂದರೆ ಅದರ ಅಂತಸ್ತು ತಿಳಿಯುತ್ತಿತ್ತೇ ಹೊರತು ವಿಸ್ತೀರ್ಣವು ನಿಖರವಾಗಿ ತಿಳಿಯುತ್ತಿರಲಿಲ್ಲ. ಏಕೆಂದರೆ ಅಂಕಣದ ಅಗಲವು ಕೈಗೆ ಸಿಕ್ಕಿದ ಮರದ ಉದ್ದವನ್ನು ಅವಲಂಬಿಸಿತ್ತು.

ಬೆಂಗಳೂರಿನ ಕಡೆ ಮನೆ ಕಟ್ಟುವ ಮೇಸ್ತ್ರಿಗಳೂ ಗುತ್ತಿಗೆದಾರರೂ “ಚದರ” ಎಂಬ ಮಾನವನ್ನು ಬಳಸುತ್ತಾರೆ. ಒಂದು ಚದರವೆಂದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ, ಎಂದರೆ 100 ಚದರ ಅಡಿ. “ಹನ್ನೆರಡು ಚದರದ ಮನೆ” ಎಂದರೆ 1200 ಚದರ ಅಡಿಯ ಮನೆ. ಚದರಕ್ಕೂ ಚದರ ಅಡಿಗೂ ನೂರರಷ್ಟು ಅಂತರವಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸರಕಾರಿ ಪತ್ರಗಳಲ್ಲಿ ಈಗ ಮೀಟರು ಪದ್ಧತಿಯೇ ಇದೆ. ಒಂದು ಅಡಿ ಎಂದರೆ ನಿಖರವಾಗಿ 0.3048 ಮೀಟರು, ಒಂದು ಚದರ ಮೀಟರು ಎಂದರೆ ಸುಮಾರು 10.764 ಚದರ ಅಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ 9 ಮೀಟರು ಅಗಲ, 12 ಮೀಟರು ಉದ್ದದ ನಿವೇಶನಗಳಿವೆ. ಜನರು ಆಡುಮಾತಿನಲ್ಲಿ ಇವನ್ನು “ಮೂವತ್ತು–ನಲವತ್ತರ ಸೈಟು” ಎಂದೇ ಕರೆಯುವರು. ಆದರೆ 30 ಅಡಿ ಎಂದರೆ 9.144 ಮೀಟರು, 40 ಅಡಿ ಎಂದರೆ 12.192 ಮೀಟರು. 9 ಮತ್ತು 12ನ್ನು ಗುಣಿಸಿದರೆ 108 ಚದರ ಮೀಟರು, ಎಂದರೆ 1162.5 ಚದರ ಅಡಿ. ಮೂವತ್ತು–ನಲವತ್ತರ ಲೆಕ್ಕದಲ್ಲಿ 1200 ಚದರ ಅಡಿ. ಆಡುಮಾತಿಗೂ ಪತ್ರಕ್ಕೂ 37.5 ಚದರ ಅಡಿಗಳ ವ್ಯತ್ಯಾಸ ಬಂದಿತಷ್ಟೆ! ಉದ್ದದಲ್ಲಿ ಸುಮಾರು ನೂರಕ್ಕೆ ಒಂದೂವರೆ, ಅಗಲದಲ್ಲಿಯೂ ಅಷ್ಟೇ ಕಡಿಮೆಯಾದಾಗ, ವಿಸ್ತೀರ್ಣದಲ್ಲಿ ನೂರಕ್ಕೆ ಮೂರರಷ್ಟು ಕಡಿಮೆಯಾಗುತ್ತದೆ. ಉದ್ದ ಅಗಲಗಳ ಸಣ್ಣ ತಪ್ಪುಗಳು ವಿಸ್ತೀರ್ಣದಲ್ಲಿ ಒಟ್ಟುಗೂಡುತ್ತವೆ ಎಂಬ ನಿಯಮವು ಮುಂದೆಯೂ ನಮಗೆ ಉಪಯೋಗಕ್ಕೆ ಬರುವುದು.

ಒಂದೇ ಮನೆ, ನಾಲ್ಕು ವಿಸ್ತೀರ್ಣಗಳು

ಈಗ ನಮ್ಮ ಜಾಹೀರಾತಿನ ಫ್ಲ್ಯಾಟಿಗೆ ಹಿಂದಿರುಗೋಣ. ಲೆಕ್ಕದ ಸೌಕರ್ಯಕ್ಕಾಗಿ ಅದನ್ನು ಆಯತಾಕಾರದ ಮನೆಯೆಂದು ಇಟ್ಟುಕೊಳ್ಳೋಣ. ಹೊರಗೋಡೆಗಳ ಒಳಮೈಯಿಂದ ಒಳಮೈಗೆ ಅಳೆದರೆ ಉದ್ದ 30 ಅಡಿ, ಅಗಲ 25 ಅಡಿ. ಹೊರಗೋಡೆಯ ದಪ್ಪ 8 ಅಂಗುಲ. ಕೋಣೆಗಳನ್ನು ಬೇರ್ಪಡಿಸುವ ಒಳಗೋಡೆಗಳ ದಪ್ಪ 4 ಅಂಗುಲ. ಅವುಗಳ ಒಟ್ಟು ಉದ್ದ 60 ಅಡಿ. ಮುಂದುಗಡೆ 10 ಅಡಿ ಉದ್ದ, 4 ಅಡಿ ಅಗಲದ ಒಂದು ಬಾಲ್ಕನಿ.

ಮೊದಲನೆಯದು ಬರಿಯ ನೆಲ. ಪೊರಕೆ ಹಿಡಿದು ಗುಡಿಸಬಹುದಾದ ಜಾಗವಿದು. 30ನ್ನು 25ರಿಂದ ಗುಣಿಸಿದರೆ 750. ಇದರಲ್ಲಿ ಒಳಗೋಡೆಗಳು ಆಕ್ರಮಿಸಿದ ಜಾಗವನ್ನು ಕಳೆಯಬೇಕು. 4 ಅಂಗುಲವೆಂದರೆ ಅಡಿಯ ಮೂರನೆಯ ಒಂದು ಭಾಗ. 60 ಅಡಿ ಉದ್ದದ ಗೋಡೆಗೆ 20 ಚದರ ಅಡಿ. ಉಳಿದದ್ದು 730. ತಂದೆಮಕ್ಕಳು ಕೋಣೆ ಕೋಣೆಯಾಗಿ ಅಳೆದಾಗ ಬಂದ ಅಂಕಿ ಇದೇ.

ಎರಡನೆಯದು ಕಾರ್ಪೆಟ್ ಏರಿಯಾ. ಹೆಸರನ್ನು ನೋಡಿದರೆ ಜಮಖಾನ ಹಾಸಬಹುದಾದ ಜಾಗವೆಂದು ತೋರುತ್ತದೆ. ಆದರೆ ಈಗಿನ ಕಾನೂನಿನ ಪ್ರಕಾರ ಹೊರಗೋಡೆಗಳ ಒಳಗಿನ ಉಪಯುಕ್ತ ನೆಲವೂ, ಅದರ ಜೊತೆಗೆ ಒಳಗೋಡೆಗಳು ನಿಂತ ಜಾಗವೂ ಇದರಲ್ಲಿ ಸೇರುತ್ತವೆ. ಆದುದರಿಂದ ನಮ್ಮ ಮನೆಯ ಕಾರ್ಪೆಟ್ ಏರಿಯಾ 750 ಚದರ ಅಡಿ.

ಮೂರನೆಯದು ಬಿಲ್ಟ್-ಅಪ್ ಏರಿಯಾ, ಎಂದರೆ ಕಟ್ಟಿದ ವಿಸ್ತೀರ್ಣ. ಇಲ್ಲಿ ಹೊರಗೋಡೆಗಳ ಹೊರಮೈಯಿಂದ ಹೊರಮೈಗೆ ಅಳೆಯುವರು. ಎರಡು ಮನೆಗಳಿಗೆ ಸೇರಿದ ನಡುಗೋಡೆಯಾದರೆ ಅದರ ಅರ್ಧದಷ್ಟು ದಪ್ಪವನ್ನು ಒಂದೊಂದು ಮನೆಗೆ ಹಂಚುವ ವಾಡಿಕೆಯುಂಟು. ನಾವು ಇಲ್ಲಿ ಪೂರ್ತಿ ದಪ್ಪವನ್ನೇ ತೆಗೆದುಕೊಳ್ಳೋಣ. ಉದ್ದ 31 ಅಡಿ 4 ಅಂಗುಲ, ಅಗಲ 26 ಅಡಿ 4 ಅಂಗುಲ ಆಗುತ್ತದೆ. ಗುಣಿಸಿದರೆ ಸುಮಾರು 825 ಚದರ ಅಡಿ. ಇದಕ್ಕೆ ಬಾಲ್ಕನಿಯ 40 ಸೇರಿಸಿದರೆ 865.

ನಾಲ್ಕನೆಯದು ಸೂಪರ್ ಬಿಲ್ಟ್-ಅಪ್ ಏರಿಯಾ. ಮೆಟ್ಟಿಲು, ಲಿಫ್ಟು, ಓಡಾಡುವ ಮೊಗಸಾಲೆ, ಕೆಳಗಿನ ಪ್ರವೇಶದ್ವಾರದ ಹಜಾರ ಇವು ಯಾರೊಬ್ಬರ ಸ್ವತ್ತೂ ಅಲ್ಲ, ಆದರೆ ಎಲ್ಲರಿಗೂ ಬೇಕು. ಇವುಗಳ ವಿಸ್ತೀರ್ಣವನ್ನು ಎಲ್ಲ ಮನೆಗಳಿಗೂ ಹಂಚಿಹಾಕುವರು. ಇಂತಹ ಇಪ್ಪತ್ತು ಮನೆಗಳು ಒಂದು ಕಟ್ಟಡದಲ್ಲಿ ಇವೆಯೆನ್ನೋಣ. ಒಟ್ಟು ಕಟ್ಟಿದ ವಿಸ್ತೀರ್ಣ 17,300 ಚದರ ಅಡಿ. ಸಾಮಾನ್ಯ ಬಳಕೆಯ ಜಾಗ 5190 ಚದರ ಅಡಿ ಇದ್ದರೆ, ಅದು ನೂರಕ್ಕೆ ಮೂವತ್ತು. ಒಂದು ಮನೆಯ ಪಾಲಿಗೆ ಸುಮಾರು 260. 865ಕ್ಕೆ 260 ಸೇರಿಸಿದಾಗ ಜಾಹೀರಾತಿನ 1125 ಬಂದಿತು.

ಕಾಣೆಯಾದ 395 ಚದರ ಅಡಿಗಳ ಲೆಕ್ಕ ಈಗ ಸಿಕ್ಕಿತು: ಒಳಗೋಡೆಗೆ 20, ಹೊರಗೋಡೆಗೆ 75, ಬಾಲ್ಕನಿಗೆ 40, ಸಾಮಾನ್ಯ ಜಾಗದ ಪಾಲಿಗೆ 260.

ಗೋಡೆಗಳು ನುಂಗುವ ಜಾಗ

ಹೊರಗೋಡೆಯೊಂದೇ 75 ಚದರ ಅಡಿಯನ್ನು, ಎಂದರೆ ಕಾರ್ಪೆಟ್ ಏರಿಯಾದ ಹತ್ತನೆಯ ಒಂದು ಭಾಗದಷ್ಟನ್ನು ತೆಗೆದುಕೊಂಡಿತು. ಇದು ಎಲ್ಲ ಮನೆಗಳಲ್ಲಿಯೂ ಹೀಗೆಯೇ ಇರುವುದೆ? ಇಲ್ಲ. ಗೋಡೆಯ ಜಾಗವು ಮನೆಯ ಸುತ್ತಳತೆಯನ್ನು ಅನುಸರಿಸುತ್ತದೆ. ವಾಸದ ಜಾಗವು ಕ್ಷೇತ್ರಫಲವನ್ನು ಅನುಸರಿಸುತ್ತದೆ. ಇವೆರಡೂ ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ.

ನಮ್ಮ ಮನೆಯನ್ನು 25 ಅಡಿ, 15 ಅಡಿಗೆ ಇಳಿಸಿ ನೋಡೋಣ. ಕ್ಷೇತ್ರಫಲವು ಅರ್ಧವಾಗಿ 375 ಆಗುತ್ತದೆ. ಆದರೆ ಒಳಸುತ್ತಳತೆಯು 110 ಅಡಿಯಿಂದ 80 ಅಡಿಗೆ ಮಾತ್ರ ಇಳಿಯುತ್ತದೆ. ಹೊರಗೋಡೆಗೆ ಸುಮಾರು 55 ಚದರ ಅಡಿ ಬೇಕಾಗುತ್ತದೆ. ಇದು 375ರಲ್ಲಿ ನೂರಕ್ಕೆ ಹದಿನೈದರ ಸಮೀಪ. ಮನೆ ಚಿಕ್ಕದಾದಷ್ಟೂ ಗೋಡೆಯ ಪಾಲು ಹೆಚ್ಚು! ಚಿಕ್ಕ ಮನೆಯನ್ನು ಕೊಳ್ಳುವ ಬಡವನೇ ಗೋಡೆಗೆ ಹೆಚ್ಚಿನ ಪ್ರಮಾಣದಲ್ಲಿ ಹಣ ತೆರುತ್ತಾನೆ.

ಆಕಾರದಿಂದಲೂ ಭೇದವುಂಟು. 750 ಚದರ ಅಡಿಯನ್ನೇ 50 ಅಡಿ ಉದ್ದ, 15 ಅಡಿ ಅಗಲದ ನೀಳವಾದ ಮನೆಯಾಗಿ ಕಟ್ಟಿದರೆ ಸುತ್ತಳತೆ 130 ಅಡಿಯಾಗಿ, ಗೋಡೆಗೆ 88 ಚದರ ಅಡಿ ಹೋಗುವುದು. ಒಂದೇ ಕ್ಷೇತ್ರಫಲದ ಆಯತಗಳಲ್ಲಿ ಚೌಕಕ್ಕೆ ಅತ್ಯಂತ ಕಡಿಮೆ ಸುತ್ತಳತೆ ಎಂದು ರೇಖಾಗಣಿತದಲ್ಲಿ ಕಲಿಯುವ ಪಾಠವು ಇಲ್ಲಿ ರೂಪಾಯಿಗಳಲ್ಲಿ ಕಾಣಿಸಿಕೊಳ್ಳುತ್ತದೆ.

ನೂರಕ್ಕೆ ಎಷ್ಟು? ಯಾವ ನೂರಕ್ಕೆ?

ಕಾರ್ಪೆಟ್ ಏರಿಯಾಕ್ಕೂ ಜಾಹೀರಾತಿನ ಅಂಕಿಗೂ ಇರುವ ಅಂತರವನ್ನು ವ್ಯಾಪಾರದ ಭಾಷೆಯಲ್ಲಿ “ಲೋಡಿಂಗ್” ಎನ್ನುವರು. ಇದನ್ನು ಶೇಕಡಾವಾರಿನಲ್ಲಿ ಹೇಳುವಾಗ ಒಂದು ಸೂಕ್ಷ್ಮವಿದೆ. ನಮ್ಮ ಮನೆಯಲ್ಲಿ ಈ ಅಂತರ 375. ಇದನ್ನು 750ರ ಮೇಲೆ ಲೆಕ್ಕಹಾಕಿದರೆ ನೂರಕ್ಕೆ ಐವತ್ತು. 1125ರ ಮೇಲೆ ಲೆಕ್ಕಹಾಕಿದರೆ ನೂರಕ್ಕೆ ಮೂವತ್ತಮೂರು ಚಿಲ್ಲರೆ. ಕಟ್ಟಿದ ವಿಸ್ತೀರ್ಣಕ್ಕೆ ಸೇರಿಸಿದ ಸಾಮಾನ್ಯ ಜಾಗವನ್ನು ಮಾತ್ರ ಹೇಳಿದರೆ ನೂರಕ್ಕೆ ಮೂವತ್ತು. ಮನೆಯೊಂದೇ, ಗೋಡೆಯೊಂದೇ, ಮೂವರು ಮೂರು ಅಂಕಿ ಹೇಳಿದರೂ ಯಾರದೂ ಸುಳ್ಳಲ್ಲ! ಶೇಕಡಾವಾರನ್ನು ಕೇಳಿದೊಡನೆ “ಯಾವುದರ ಮೇಲೆ?” ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.

ದರವೂ ಹೀಗೆಯೇ. 67,50,000 ರೂಪಾಯಿಯನ್ನು 1125ರಿಂದ ಭಾಗಿಸಿದರೆ ಚದರ ಅಡಿಗೆ 6000. 750ರಿಂದ ಭಾಗಿಸಿದರೆ 9000. ಈಗ ಎರಡನೆಯ ಜಾಹೀರಾತೊಂದನ್ನು ಊಹಿಸಿಕೊಳ್ಳಿರಿ: 1050 ಚದರ ಅಡಿ, ಚದರ ಅಡಿಗೆ 6400 ರೂಪಾಯಿ. ಮೊದಲ ನೋಟಕ್ಕೆ ಮನೆ ಚಿಕ್ಕದು, ದರ ಹೆಚ್ಚು; ಯಾರೂ ಹೋಗಿ ನೋಡಲಿಕ್ಕಿಲ್ಲ. ಆದರೆ ಅದರ ಕಾರ್ಪೆಟ್ ಏರಿಯಾ 800 ಎಂದು ತಿಳಿದುಬಂದರೆ? ಒಟ್ಟು ಬೆಲೆ 67,20,000. ಅದನ್ನು 800ರಿಂದ ಭಾಗಿಸಿದರೆ 8400. ದುಬಾರಿಯೆಂದು ಕಂಡ ಮನೆಯೇ ಸೋವಿಯಾಯಿತು, ಮತ್ತು ಒಳಗೆ ಐವತ್ತು ಚದರ ಅಡಿ ದೊಡ್ಡದೂ ಆಯಿತು. ಎರಡು ಮನೆಗಳನ್ನು ಹೋಲಿಸುವುದಾದರೆ ಎಲ್ಲೆಯೂ ಒಂದೇ ಆಗಿರಬೇಕು.

ಸಾಮಾನ್ಯ ಜಾಗಕ್ಕೆ ಹಣ ಕೊಡುವುದೇ ಅನ್ಯಾಯವೆಂದು ಇದರಿಂದ ಭಾವಿಸಬಾರದು. ಮೆಟ್ಟಿಲನ್ನು ಕಟ್ಟಲು ಸಿಮೆಂಟು ಬೇಕು, ಲಿಫ್ಟಿಗೆ ಹಣ ಬೇಕು. ಅದನ್ನು ವಾಸಿಸುವವರೇ ಕೊಡಬೇಕು. ತೊಡಕಿರುವುದು ಅಂಕಿಯನ್ನು ಪರೀಕ್ಷಿಸುವುದರಲ್ಲಿ. ಕೋಣೆಯನ್ನು ನಾವು ಅಳೆಯಬಹುದು. ಇಡೀ ಕಟ್ಟಡದ ಮೊಗಸಾಲೆಗಳನ್ನೆಲ್ಲ ಅಳೆದು, ಅವುಗಳಲ್ಲಿ ಯಾವುದನ್ನು ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಕಂಡುಹಿಡಿಯುವುದು ಕೊಳ್ಳುವವನಿಂದ ಆಗುವ ಕೆಲಸವಲ್ಲ. ಪರೀಕ್ಷಿಸಲಾಗದ ಅಂಕಿಯನ್ನು ವಿಜ್ಞಾನವು ಅಳತೆಯೆಂದು ಒಪ್ಪುವುದಿಲ್ಲ.

ಕಾನೂನು ಎಳೆದ ಗೆರೆ

ಈ ಕಾರಣದಿಂದಲೇ ಎಲ್ಲೆಯನ್ನು ಕಾನೂನಿನಿಂದ ಗೊತ್ತುಪಡಿಸುವುದು ಅವಶ್ಯವಾಯಿತು. 2016ರಲ್ಲಿ ಸಂಸತ್ತು ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನು ಅಂಗೀಕರಿಸಿತು. ಜನರು ಇದನ್ನು “ರೇರಾ” ಎಂದು ಕರೆಯುವರು. ಇದರ ಕೆಲವು ಪ್ರಕರಣಗಳು 2016ರ ಮೇ 1ರಂದೂ, ಉಳಿದವು 2017ರ ಮೇ 1ರಂದೂ ಜಾರಿಗೆ ಬಂದುವು. ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಪ್ರಕಟವಾದುವು.

ಕಾರ್ಪೆಟ್ ಏರಿಯಾ ಎಂದರೇನೆಂಬುದನ್ನು ಈ ಕಾಯ್ದೆಯ ಎರಡನೆಯ ಪ್ರಕರಣವು ನಿರೂಪಿಸುತ್ತದೆ. ಅದರ ಸಾರಾಂಶ ಹೀಗಿದೆ: ಅಪಾರ್ಟ್‌ಮೆಂಟಿನ ಉಪಯುಕ್ತ ನೆಲದ ವಿಸ್ತೀರ್ಣವನ್ನು ಲೆಕ್ಕಕ್ಕೆ ಹಿಡಿಯಬೇಕು, ಹೊರಗೋಡೆಗಳ ಜಾಗ, ಕೊಳವೆ ಮುಂತಾದುವು ಹಾದುಹೋಗುವ ಕಂಡಿಗಳ ಜಾಗ, ಆ ಮನೆಗೇ ಮೀಸಲಾದ ಬಾಲ್ಕನಿ ಅಥವಾ ವರಾಂಡ, ಆ ಮನೆಗೇ ಮೀಸಲಾದ ತೆರೆದ ತಾರಸಿ ಇವನ್ನು ಬಿಡಬೇಕು, ಒಳಗೋಡೆಗಳ ಜಾಗವನ್ನು ಸೇರಿಸಬೇಕು. ಅಡಿಗೆಮನೆಯೂ ಬಚ್ಚಲುಮನೆಯೂ ಇದರೊಳಗೇ ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಜಿನಿಯರುಗಳ ಹಳೆಯ ಪಠ್ಯಗಳಲ್ಲಿಯೂ “ಕಾರ್ಪೆಟ್ ಏರಿಯಾ” ಎಂಬ ಹೆಸರು ಬರುತ್ತದೆ. ಅಲ್ಲಿ ಗೋಡೆಗಳ ಜೊತೆಗೆ ಸ್ನಾನದ ಕೋಣೆ, ಶೌಚಾಲಯ, ಓಣಿ, ವರಾಂಡ ಮುಂತಾದುವನ್ನೂ ಕಳೆಯುವ ಪದ್ಧತಿಯಿದೆ. ಹೆಸರು ಒಂದೇ ಆದರೂ ಎಲ್ಲೆ ಬೇರೆ. ಮನೆಯ ಮಾರಾಟದಲ್ಲಿ ನಾವು ಅನುಸರಿಸಬೇಕಾದುದು ಕಾಯ್ದೆಯ ಅರ್ಥವನ್ನು.

ನಿವೇಶನವು 500 ಚದರ ಮೀಟರುಗಳನ್ನು ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ, ನೋಂದಣಿ ಬೇಕಾಗಿಲ್ಲವೆಂದು ಕಾಯ್ದೆಯು ಹೇಳುತ್ತದೆ. ಅದಕ್ಕಿಂತ ದೊಡ್ಡ ಹೊಸ ಯೋಜನೆಗಳನ್ನು ಕಟ್ಟುವವರು ಪ್ರಾಧಿಕಾರದಲ್ಲಿ ನೋಂದಾಯಿಸಿ, ಮನೆಗಳ ಸಂಖ್ಯೆ, ಬಗೆ, ಕಾರ್ಪೆಟ್ ಏರಿಯಾ ಮತ್ತು ಮೀಸಲು ಬಾಲ್ಕನಿ–ತಾರಸಿಗಳ ವಿಸ್ತೀರ್ಣವನ್ನು ಬೇರೆ ಬೇರೆಯಾಗಿ ತಿಳಿಸಬೇಕು. ಈ ವಿವರಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಕಾಯ್ದೆಗೆ ಮೊದಲೇ ಕಟ್ಟಿದ ಮನೆಗಳು ಕೈಬದಲಾಗುವಾಗ, ಅವುಗಳ ಪತ್ರಗಳಲ್ಲಿ ಸೂಪರ್ ಬಿಲ್ಟ್-ಅಪ್ ಅಂಕಿಯೊಂದೇ ಇರುವುದುಂಟು. ಅಂತಹ ಮನೆಗಳಲ್ಲಿ ಟೇಪೇ ನಮಗೆ ಸಾಕ್ಷಿ.

ನಾವೇ ಅಳೆಯುವ ಬಗೆ

ಬೇಕಾದ ಸಾಮಗ್ರಿ ಸ್ವಲ್ಪವೇ: ಒಂದು ಟೇಪು, ಚೌಕುಳಿ ಗೆರೆಗಳ ಒಂದು ಹಾಳೆ, ಒಂದು ಪೆನ್ಸಿಲು, ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬ ಗೆಳೆಯ. ಮೊದಲು ಮನೆಯ ನಕ್ಷೆಯನ್ನು ಕೈಯಿಂದ ಬರೆಯಿರಿ. ಬಳಿಕ ಕೋಣೆ ಕೋಣೆಯನ್ನೂ ಗಾರೆ ಬಳಿದ ಗೋಡೆಯ ಮೈಯಿಂದ ಮೈಗೆ ಅಳೆದು ಬರೆದುಕೊಳ್ಳಿರಿ. ಗೋಡೆಯ ಬುಡದಲ್ಲಿ ಅಂಟಿಸಿದ ಕಲ್ಲಿನ ಪಟ್ಟಿಯಿಂದ ಅಳೆಯಬಾರದು. ಪ್ರತಿಯೊಂದು ಉದ್ದವನ್ನೂ ಎರಡು ಸ್ಥಳಗಳಲ್ಲಿ ಅಳೆದು ಸರಾಸರಿ ತೆಗೆಯುವುದು ಮೇಲು. ಮೂಲೆ ತಿರುಗಿದ ಹಜಾರವಿದ್ದರೆ ಅದನ್ನು ಎರಡು ಆಯತಗಳಾಗಿ ಒಡೆಯಿರಿ.

ಅಂಗುಲವನ್ನು ಅಲಕ್ಷ್ಯ ಮಾಡಬಾರದು. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಉದ್ದ ಅಗಲಗಳೆರಡೂ ಒಂದೊಂದು ಅಂಗುಲ ಕಡಿಮೆಯಿದ್ದರೆ, 120 ಚದರ ಅಡಿಯ ಬದಲು 118.17 ಚದರ ಅಡಿಯಾಗುತ್ತದೆ. ವ್ಯತ್ಯಾಸ 1.83. ಚದರ ಅಡಿಗೆ 9000 ರೂಪಾಯಿಯಂತೆ ಇದರ ಬೆಲೆ ಹದಿನಾರು ಸಾವಿರ ರೂಪಾಯಿಗೂ ಮೇಲು!

ಬದಿಗಳನ್ನಷ್ಟೇ ಅಳೆದರೆ ಸಾಲದು, ಕರ್ಣವನ್ನೂ ಅಳೆಯಬೇಕು. ನಿವೇಶನವೊಂದರ ಬದಿಗಳು 30, 40, 30, 40 ಅಡಿ ಎಂದಿರಲಿ. ಮೂಲೆಗಳು ನೇರವಾಗಿದ್ದರೆ ಕರ್ಣವು 50 ಅಡಿ ಬರಬೇಕು. ಆಗ ವಿಸ್ತೀರ್ಣ 1200. ನಿವೇಶನವು ಓರೆಯಾಗಿದ್ದು ಒಂದು ಕರ್ಣವು 45 ಅಡಿ ಬಂದಿತೆನ್ನೋಣ. ಅದನ್ನು 30, 40, 45 ಅಡಿ ಬದಿಗಳ ಎರಡು ತ್ರಿಕೋನಗಳಾಗಿ ಒಡೆದು ಹೆರಾನನ ಸೂತ್ರದಿಂದ ಲೆಕ್ಕಮಾಡಿದರೆ ವಿಸ್ತೀರ್ಣವು 1176 ಚದರ ಅಡಿಗೆ ಇಳಿಯುತ್ತದೆ. ನಾಲ್ಕು ಬದಿಗಳೂ ಹೇಳಿದಷ್ಟೇ ಇದ್ದರೂ ಜಾಗವು 24 ಚದರ ಅಡಿ ಕಡಿಮೆ! 9 ಮೀಟರಿಗೆ 12 ಮೀಟರಿನ ನಿವೇಶನದ ಕರ್ಣ ಎಷ್ಟಿರಬೇಕೆಂಬುದನ್ನು ವಾಚಕರೇ ಬಾಯಿಲೆಕ್ಕದಲ್ಲಿ ಹೇಳಬಲ್ಲರು.

ಅಭ್ಯಾಸ

ಈ ವಾರದ ಬಿಡುವಿನಲ್ಲಿ ನಿಮ್ಮ ಮನೆಯನ್ನೇ ಅಳೆದು ನೋಡಿರಿ. ಬಾಡಿಗೆಯ ಮನೆಯಾದರೂ ಚಿಂತೆಯಿಲ್ಲ, ಹಳ್ಳಿಯ ಮಣ್ಣುಗೋಡೆಯ ಮನೆಯಾದರೆ ಇನ್ನೂ ಒಳ್ಳೆಯದು. ಬರಿಯ ನೆಲವೆಷ್ಟು, ಒಳಗೋಡೆಯೆಷ್ಟು, ಹೊರಗೋಡೆಯೆಷ್ಟು ಎಂದು ಬೇರೆ ಬೇರೆ ಬರೆಯಿರಿ. ಒಂದೂವರೆ ಅಡಿ ದಪ್ಪದ ಮಣ್ಣುಗೋಡೆಯು ಎಷ್ಟು ಜಾಗವನ್ನು ತೆಗೆದುಕೊಳ್ಳುತ್ತದೆ, ಅದಕ್ಕೆ ಪ್ರತಿಯಾಗಿ ಬೇಸಗೆಯಲ್ಲಿ ಎಷ್ಟು ತಂಪನ್ನು ಕೊಡುತ್ತದೆ ಎಂಬುದೂ ಆಲೋಚಿಸಬೇಕಾದ ವಿಷಯವೇ.

ಮುಂದೆ ಎಂದಾದರೂ ನಿಮ್ಮ ಮನೆಯ ಹಿರಿಯರು ಜಾಹೀರಾತನ್ನು ಹಿಡಿದು “ಸಾವಿರದ ನೂರ ಇಪ್ಪತ್ತೈದು ಚದರ ಅಡಿಯಂತೆ” ಎಂದಾಗ, ಗುಣಾಕಾರಕ್ಕೆ ತೊಡಗುವ ಮುನ್ನ “ಎಲ್ಲಿಂದ ಎಲ್ಲಿಯವರೆಗೆ?” ಎಂದು ಕೇಳಿರಿ. ಮುಂಗಡ ಹಣ ಕೈಬಿಡುವುದಕ್ಕೆ ಮೊದಲು ಆ ಪ್ರಶ್ನೆಗೆ ಉತ್ತರವು ಬರವಣಿಗೆಯಲ್ಲಿ ದೊರೆಯಬೇಕು.